ವಾಪಸ್ ಕೊಡಬೇಕಾದ ಡಬ್ಬ

ದುಭಾಷಿ ಕೆಲಸದಲ್ಲಿ ಒಂದು ನಿಯಮವಿದೆ: ಮಾತಾಡುವವರು ‘ನಾನು’ ಅಂದರೆ ನಾವೂ ‘ನಾನು’ ಅನ್ನಬೇಕು. ‘ಅವರು ಹೀಗೆ ಹೇಳ್ತಿದ್ದಾರೆ’ ಅನ್ನುವಂತಿಲ್ಲ. ಹಾಗಾಗಿ ಬರ್ಮಿಂಗ್‌ಹ್ಯಾಮಿನ ಒಂದು ಪ್ರೈಮರಿ ಶಾಲೆಯಲ್ಲಿ, ದಾವಣಗೆರೆ ಕಡೆಯ ಒಬ್ಬ ತಾಯಿಯ ಪಕ್ಕ ಕೂತು, ಆಕೆಯ ಮಾತನ್ನು ಹೆಡ್‌ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಿದೆ: ‘ಇಬ್ಬರು ಅಪ್ಪಂದಿರಿರುವ ಈ ಕಥೆಪುಸ್ತಕ ನನ್ನ ಮಗಳಿಗೆ ಬೇಡ. ಓದಿಸುವ ಮೊದಲು ನನ್ನನ್ನು ಕೇಳಬೇಕಿತ್ತು.’

ಇಂಥ ಮನೆಗಳೂ ಇವೆ ಅಂತ ಮಕ್ಕಳಿಗೆ ಗೊತ್ತಿರಲಿ, ಆ ಪಾಠದಿಂದ ಮಗುವನ್ನು ಹೊರಗಿಡಲು ಬರುವುದಿಲ್ಲ ಎಂದರು ಹೆಡ್‌ಟೀಚರ್. ಅದನ್ನೂ ನಾನೇ ಕನ್ನಡದಲ್ಲಿ ಹೇಳಿದೆ. ಅರ್ಧ ಗಂಟೆ ನನ್ನೊಡನೆ ನಾನೇ ಜಗಳವಾಡಿದಂತಾಯಿತು.

ಹೊರಗೆ ಬಸ್‌ಸ್ಟಾಪಿನಲ್ಲಿ ಆಕೆ ಬ್ಯಾಗಿನಿಂದ ಸ್ಟೀಲ್ ಡಬ್ಬ ತೆಗೆದರು. ‘ಕನ್ನಡದವ್ರು ಬರ್ತಾರೆ ಅಂದ್ರು, ಅದಕ್ಕೇ ಕೋಡುಬಳೆ ತಂದೆ. ಮನೇಲಿ ಯಾರ್ಯಾರಿದೀರಾ ಸರ್?’

‘ನಾನು, ನನ್ನ ಸಂಗಾತಿ. ಆ ಪುಸ್ತಕದಲ್ಲಿದಾರಲ್ಲ, ಹಾಗೆ,’ ಅಂದೆ.

ಡಬ್ಬ ಹಿಡಿದ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ನನ್ನ ಬಸ್ಸೂ ಬಂತು.

‘ಒಳಗೆ ಹೇಳಿದ್ದನ್ನ ನಾನು ವಾಪಸ್ ತಗೊಳ್ಳಲ್ಲ,’ ಎಂದು ಆಕೆ ಡಬ್ಬವನ್ನು ನನ್ನ ಕೈಗೆ ತುರುಕಿದರು. ‘ಮುಂದಿನ ಮೀಟಿಂಗಿಗೆ ಡಬ್ಬ ಮಾತ್ರ ವಾಪಸ್ ತನ್ನಿ. ಅದು ನಮ್ಮತ್ತೇದು.’

ಮನೆ ಮುಟ್ಟುವಷ್ಟರಲ್ಲಿ ಅರ್ಧ ಕೋಡುಬಳೆ ಖಾಲಿಯಾಗಿತ್ತು. ಉಳಿದರ್ಧವನ್ನು ನನ್ನ ಸಂಗಾತಿ ಮುಗಿಸಿದ. ತಿಂಡಿ ಬಂದ ಡಬ್ಬವನ್ನು ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಮ್ಮ ಕಲಿಸಿದ್ದಾರೆ. ಆದರೆ ನಮ್ಮ ಮನೆಯಲ್ಲಿ ಇಬ್ಬರಿಗೂ ಚಕ್ಕುಲಿ ಒತ್ತಲು ಬರುವುದಿಲ್ಲ. ಇಂಥ ಮನೆಯವರು ಡಬ್ಬಕ್ಕೆ ಏನು ತುಂಬಬೇಕು ಅಂತ ಆ ಪುಸ್ತಕದಲ್ಲೂ ಬರೆದಿಲ್ಲ.