ಕಿಟಕಿಯೊಳಗೆ ತೂರಿದ ಕೈ

ಅವರ ಬಲಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಯಾವತ್ತೂ ಕೂಡಿಕೊಳ್ಳುತ್ತಿರಲಿಲ್ಲ. ಹರೆಯದಲ್ಲಿ ಕಬಡ್ಡಿ ಆಡುವಾಗ ಮುರಿದದ್ದು ಸೊಟ್ಟಗೇ ಉಳಿದಿತ್ತು. ಇಲಕಲ್ ಸೀರೆಯ ಕಚ್ಚೆ ಬಿಗಿದು, ಕ್ಯಾನ್ವಾಸ್ ಬೂಟು ಹಾಕಿ, ಬಂಕಾಪುರದ ಬಸ್ಸಿನಿಂದ ಇಳಿದು ಶಿಗ್ಗಾಂವಿಯ ನಮ್ಮ ಶಾಲೆಗೆ ಬರುತ್ತಿದ್ದ ಆ ದೈಹಿಕ ಶಿಕ್ಷಕಿಯನ್ನು ಊರೆಲ್ಲ ‘ಆಟದ ಅಕ್ಕೋರು’ ಎನ್ನುತ್ತಿತ್ತು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಆ ಸೊಟ್ಟ ಬೆರಳು ತೋರಿಸುತ್ತಿದ್ದರು. ಅಷ್ಟಕ್ಕೇ ನಮ್ಮ ಜೀವ ಬಾಯಿಗೆ ಬರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಆಟದ ಸಂಘದ ಕಮಿಟಿಯಲ್ಲಿ ಒಬ್ಬ ಹೆಂಗಸಾದರೂ ಇರಲಿ ಎಂದು ಮೇಲಿನವರು ಹೇಳಿದರಂತೆ. ಅಕ್ಕೋರನ್ನು ಮೆಂಬರ್ ಮಾಡಿದರು. ಆದರೆ ಮೀಟಿಂಗು ನಡೆಯುತ್ತಿದ್ದುದು ಗರಡಿಮನೆಯಲ್ಲಿ. ಒಳಗೆ ಹನುಮಪ್ಪನಿದ್ದಾನೆ, ಹೆಂಗಸರು ಹೊಸ್ತಿಲು ದಾಟುವಂತಿಲ್ಲ. ಹೀಗಾಗಿ ಅಕ್ಕೋರು ಹೊರಗೆ, ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಕೂಡುತ್ತಿದ್ದರು. ಚಹಾ ಮಾತ್ರ ತಪ್ಪದೆ ಹೊರಗೆ ಬರುತ್ತಿತ್ತು. ಇವರು ಮೆಂಬರೋ, ಬಾಗಿಲು ಕಾಯುವವರೋ ನನಗಂತೂ ತಿಳಿಯುತ್ತಿರಲಿಲ್ಲ. “ಹಿಂಗ್ಯಾಕ ಕುಂದ್ರತೀರಿ ಅಕ್ಕೋರ?” ಎಂದರೆ, “ಕಿವಿ ಒಳಗ ಅದಾವಲ್ಲ, ಸುಮ್ನಿರು” ಎನ್ನುತ್ತಿದ್ದರು.

ಒಂದು ಸಲ ಹುಡುಗಿಯರ ಖೋಖೋ ತಂಡವನ್ನು ಧಾರವಾಡಕ್ಕೆ ಆಡಲು ಕಳಿಸಬೇಕೋ ಬೇಡವೋ ಎಂಬ ಮಾತು ಬಂತು. ನಾನೂ ತಂಡದಲ್ಲಿದ್ದೆ. ಮನೆಯಲ್ಲಿ ನನ್ನ ಮದುವೆಯ ಮಾತು ಆಗಲೇ ನಡೆದಿತ್ತು. ಆ ಸಲ ಹೋಗದಿದ್ದರೆ ಇನ್ನೆಂದೂ ಇಲ್ಲ. ನಾವೆಲ್ಲ ಕಟ್ಟೆಯ ಕೆಳಗೆ ಕಿವಿಗೊಟ್ಟು ಕುಳಿತಿದ್ದೆವು. ಒಳಗೆ ಕೈ ಎತ್ತಿಸಿದರು. ಸರಿಸಮ ಬಿತ್ತು. ಆಗ ಅಕ್ಕೋರು ಎದ್ದು ಕಿಟಕಿಯ ಸರಳುಗಳ ನಡುವೆ ತೋಳು ತೂರಿಸಿದರು.

“ಹೊರಗ ನಿಂತವ್ರ ಕೈ ಹ್ಯಾಂಗ ಎಣಸೂದ್ರಿ?” ಎಂದು ಒಬ್ಬರು ತಕರಾರು ತೆಗೆದರು.

“ಕಬಡ್ಡ್ಯಾಗ ಎದುರಿನವ್ರು ಮೈಮ್ಯಾಲೆ ಬಿದ್ದಿದ್ರೂ ಬೆರಳು ನಡುಗೆರಿ ಮುಟ್ಟಿದ್ರ ಮನಿಗೆ ಬಂದಂಗ, ಹೌದಿಲ್ರಿ? ಈ ಬೆರಳು ಮುರದದ್ದೂ ಹಂಗ. ಈಗ ಇಡೀ ಕೈ ಒಳಗೈತಿ. ಎಣಸ್ರಿ” ಎಂದರು ಅಕ್ಕೋರು.

ಅಧ್ಯಕ್ಷರಾಗಿದ್ದ, ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರು ಗಹಗಹಿಸಿ ನಕ್ಕರು. “ಆಟದ ಕಾಯ್ದೆ ನಾವ ಮುರದ್ರ ಹ್ಯಾಂಗ? ಎಣಸ್ರಪಾ” ಎಂದರು. ಹೀಗೆ ನಾವು ಧಾರವಾಡ ಕಂಡೆವು. ಮೊದಲ ಆಟದಲ್ಲೇ ಸೋತರೂ ಬಸ್ಸಿನ ತುಂಬ ಹಾಡಿಕೊಂಡು ಬಂದೆವು.

ಮರುವರ್ಷ, ನಾಚಿಕೆಗೋ ಗೌರವಕ್ಕೋ, ಮೀಟಿಂಗನ್ನು ಶಾಲೆಗೆ ತಂದರು. ವಸ್ತಾದರ ಪಕ್ಕದಲ್ಲೇ ಅಕ್ಕೋರಿಗೆ ಕುರ್ಚಿ. ಅಷ್ಟರಲ್ಲಿ ಅದೇ ಊರಿನ ಸೊಸೆಯಾಗಿದ್ದ ನನಗೆ ಹಿಡಿಸಲಾರದ ಹಿಗ್ಗು. ಆದರೆ ಕುರ್ಚಿಗೆ ಬಂದ ಮೇಲೆ ಅಕ್ಕೋರ ಕೈ ಏಳುವುದೇ ಕಡಿಮೆಯಾಯಿತು. ಕೇಳಿದರೆ, “ಎಲ್ಲಾ ಮಾತು ಹಿಂದಿನ ದಿನ ಗರಡ್ಯಾಗ ಮುಗಿಸ್ಕೊಂಡು ಬರ್ತಾರವ್ವಾ. ಇಲ್ಲಿ ಬರೇ ಹೂಂ ಅನ್ನೂದು” ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಹಾಗಾದರೆ ಕಟ್ಟೆಯೇ ಚಲೋ ಇತ್ತೇ? ಹೊಸ್ತಿಲ ಹೊರಗೆ ಕೂಡಿಸಿದ್ದನ್ನು ಚಲೋ ಎನ್ನುವುದಾದರೂ ಹೇಗೆ?

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅಕ್ಕೋರು ಹಾಸಿಗೆ ಹಿಡಿದರು. ಅವರ ಜಾಗಕ್ಕೆ ಬರುತ್ತೀರಾ ಎಂದು ಕಮಿಟಿಯವರು ನನ್ನನ್ನು ಕೇಳಿದ್ದರು. ಬಂಕಾಪುರಕ್ಕೆ ಹೋಗಿ ಅವರ ಕಾಲ ಬಳಿ ಕುಳಿತೆ.

“ಕಿಟಕಿ ಚಲೋನೋ, ಕುರ್ಚಿ ಚಲೋನೋ ಅಕ್ಕೋರ? ನನಗ ಒಂದೂ ತಿಳೀವಲ್ದು.”

“ನನಗರ ಎಲ್ಲಿ ತಿಳದೈತಿ? ನೀ ಕುಂತು ನೋಡು. ಆಮ್ಯಾಲ ಬಂದು ನನಗ ಹೇಳು.”

ನಾನು ಮೊದಲ ಮೀಟಿಂಗಿಗೆ ಹೋಗುವ ಮೊದಲೇ ಅವರು ತೀರಿಕೊಂಡರು. ಈಗ ನಾನು ಮೀಟಿಂಗಿನ ಹಿಂದಿನ ದಿನ ಗರಡಿಯ ಕಟ್ಟೆಯ ಮೇಲೆ ಹೋಗಿ ಕೂಡುತ್ತೇನೆ, ಮರುದಿನ ಅವರ ಕುರ್ಚಿಯ ಮೇಲೆ. ಗರಡಿಯವರು ನನ್ನನ್ನು ಕಂಡು ಮುಖ ಸಿಂಡರಿಸಿದರೂ ಚಹಾ ಹೊರಗೆ ಕಳಿಸುತ್ತಾರೆ. ಯಾವುದು ಚಲೋ ಎಂದು ಇನ್ನೂ ತಿಳಿದಿಲ್ಲ. ತಿಳಿದರೂ ಹೋಗಿ ಹೇಳಲು ಅವರಿಲ್ಲ.