ಮಾವನ ಪ-ಟ-ಕ

ನನ್ನ ಸೋದರಮಾವನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಅವರ ಹಸು. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಮೂವತ್ತು ವರ್ಷ ಹಾಲು ಕರೆದು ಡೈರಿಗೆ ಹಾಕಿದ ಕೈ ಅವರದು. ಇದ್ದಕ್ಕಿದ್ದಂತೆ ಹಸು ಅವರನ್ನು ಒದೆಯತೊಡಗಿತು. ಅತ್ತೆ ಕರೆಯಲು ಕೂತರೆ ಮಾತ್ರ ಸಾಧುವಾಗಿ ನಿಲ್ಲುತ್ತಿತ್ತು. ಮಾವ ಹಸುವಿಗೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ತಮ್ಮ ಬಲಗೈ ಹೆಬ್ಬೆರಳಿಗೇ ಹಿಡಿತ ತಪ್ಪಿದೆ ಎಂಬುದು ಅವರಿಗೆ ಗೊತ್ತಾದದ್ದು ಅಂಗಿಯ ಗುಂಡಿ ಹಾಕಲು ಆಗದಿದ್ದಾಗ.

ಆಮೇಲೆ ಒಂದು ವರ್ಷ ಸುತ್ತಾಟ. ಆಂಡರ್ಸನ್‌ಪೇಟೆಯಲ್ಲಿ ಎಣ್ಣೆ ಹಾಕಿ ಉಜ್ಜುವವರೊಬ್ಬರು ನರ ಹೊರಳಿದೆ ಎಂದರು. ಇನ್ನೊಬ್ಬರು ಕತ್ತಿನ ಮೂಳೆ ಸವೆದಿದೆ ಎಂದು ಅದಕ್ಕೆ ಪಟ್ಟಿ ಕಟ್ಟಿದರು. ಯಾರಾದರೂ ಕರೆದರೆ ಮಾವ ಇಡೀ ಮೈ ತಿರುಗಿಸಿ ಉತ್ತರ ಕೊಡುತ್ತಿದ್ದರು. ಊರವರು ಅದನ್ನು ಗತ್ತು ಎಂದುಕೊಂಡರು. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಇದು ಮೋಟಾರ್ ನ್ಯೂರಾನ್ ಕಾಯಿಲೆ, ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ, ವಾಸಿ ಮಾಡುವ ಮದ್ದಿಲ್ಲ ಎಂದರು. ಅತ್ತೆಯ ಕಿವಿಗೆ ಬಿದ್ದದ್ದು ಮೋಟಾರ್ ಒಂದೇ.

“ಬೋರ್‌ವೆಲ್ ಮೋಟ್ರು ಸುಟ್ಟೋದ್ರೆ ವೈಂಡಿಂಗ್ ಮಾಡುಸ್ತೀವಲ್ಲ ಸಾರ್. ಇದ್ಕೆ ಮಾಡೋರು ಯಾರೂ ಇಲ್ವಾ?”

ಡಾಕ್ಟರು ನಗಲಿಲ್ಲ. ಹುಡುಕುತ್ತಿದ್ದೇವಮ್ಮ ಎಂದರು.

ಹೋದ ವರ್ಷ ಅವರ ಕಡೆಯಿಂದಲೇ ಒಬ್ಬ ಸಂಶೋಧಕಿ ಹಳ್ಳಿಗೆ ಬಂದರು. ಈ ಕಾಯಿಲೆ ಬೇಗ ಪತ್ತೆಯಾಗುವಂತೆ ಮಾಡಲು ದನಿಗಳನ್ನು ಸಂಗ್ರಹಿಸುತ್ತಿದ್ದರು. ನಮ್ಮ ಕಿವಿಗೆ ಸಿಗದ ಸಣ್ಣ ತೊದಲನ್ನು ಕಂಪ್ಯೂಟರ್ ಹಿಡಿಯಬಹುದಂತೆ. ಹೋಲಿಸಿ ನೋಡಲು ಆರೋಗ್ಯವಂತರ ದನಿಯೂ ಬೇಕಂತೆ. ಉರಿಗಾಂನ ಶಾಲೆಯಲ್ಲಿ ಮೇಷ್ಟರಾದ ನಾನು ಅದಕ್ಕೆಂದೇ ರಜೆ ಹಾಕಿ ಹೋದೆ.

ಪ-ಟ-ಕ, ಪ-ಟ-ಕ ಎಂದು ಒಂದೇ ಉಸಿರಲ್ಲಿ ಆದಷ್ಟು ಬೇಗ ಹೇಳಬೇಕು. ನಾನು ಹೇಳಿದೆ. ಮಾವ ಹೇಳಿದರು, ಪ ಬಂತು, ಟ ಕಷ್ಟಪಟ್ಟು ಬಂತು, ಕ ಗಂಟಲಲ್ಲೇ ಉಳಿಯಿತು. ಆಮೇಲೆ ಅತ್ತೆ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಟ್ಟಿಗೆ ಓಡಿಸುವ ನಾಲಿಗೆ ಅದು. ಅಂಥವರು ಸೆರಗು ಸರಿಮಾಡಿಕೊಂಡು, ಮಾವನಿಗಿಂತಲೂ ನಿಧಾನವಾಗಿ, ಪ... ಟ... ಎಂದು ನಿಂತೇಬಿಟ್ಟರು. ಸಂಶೋಧಕಿಗೆ ಗಾಬರಿಯಾಯಿತು. ನುಂಗಲು ಕಷ್ಟವೇ, ನಡೆಯುವಾಗ ಎಡವುತ್ತೀರಾ ಎಂದು ಒಂದೇ ಸಮನೆ ವಿಚಾರಿಸತೊಡಗಿದರು.

“ಲೇ, ಸರ್ಯಾಗ್ ಏಳೇ,” ಎಂದರು ಮಾವ ತೊದಲುತ್ತ. “ನನ್ನ ಬೈವಾಗ ಇಂಗೇ ಬೈತೀಯಾ?”

ಅತ್ತೆ ತಲೆ ತಗ್ಗಿಸಿದರು. “ಇವ್ರಿಗೆ ಬರ್ದೇ ಇರೋದ್ನ ಇವ್ರ ಎದ್ರುಗೇ ಎಂಗಮ್ಮ ಏಳ್ಲಿ?”

ಸಂಶೋಧಕಿ ರೆಕಾರ್ಡ್ ಮಾಡುತ್ತಿದ್ದ ಫೋನನ್ನು ಎತ್ತಿಕೊಂಡರು. ಆಮೇಲೆ ಅತ್ತೆಯನ್ನು ಕೊಟ್ಟಿಗೆಗೆ ಕರೆದೊಯ್ದರು. ಹಸು ನಡುವೆ ಬಾಯಿ ಹಾಕಿದ್ದರಿಂದ ಎರಡು ಸಲದ ರೆಕಾರ್ಡಿಂಗ್ ಕೆಟ್ಟಿತು. ಮೂರನೆಯ ಸಲ ಗೋಡೆಯಾಚೆಯಿಂದ ಅತ್ತೆಯ ಪಟಕಪಟಕಪಟಕ ಹಂಚಿನ ಮೇಲೆ ಕಡಲೆಕಾಯಿ ಸಿಡಿದಂತೆ ಕೇಳಿಸಿತು. ಮಾವ ಕೆಮ್ಮು ಬರುವಷ್ಟು ನಕ್ಕರು. ನಾನು ಬೆನ್ನು ನೀವಿದೆ.

ಹೊರಡುವಾಗ ಸಂಶೋಧಕಿ, ಇದರಿಂದ ನಿಮಗೇನೂ ಉಪಯೋಗವಾಗಲಾರದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಗೊತ್ತು ಎಂದು ಮಾವ ತಲೆಯಾಡಿಸಿ, ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಿದರು.

ಮೂರು ತಿಂಗಳಿಗೊಮ್ಮೆ ಬಂದರು. ಕಳೆದ ಸಲ ಮಾವನಿಗೆ ಪ ಒಂದೇ ಬಂತು. ಸಂಶೋಧಕಿ ಮುಗಿಯಿತೆಂದು ಫೋನು ಎತ್ತಿಕೊಳ್ಳಲು ಹೋದಾಗ ಮಾವ ಎಡಗೈಯಿಂದ ತಡೆದರು, ಉಸಿರು ಎಳೆದುಕೊಂಡು ಇನ್ನೊಂದು ಪ ಹೇಳಿದರು.