ಮಾಂತುವಿನ ಬಲಗಾಲು

ಮಾಂತು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಬಿದ್ದ. ಮತ್ತೆ ಏಳಲಿಲ್ಲ. ಡಾಕ್ಟರು ಬಂದರು, ನೋಡಿದರು, ಹೋದರು.

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಿಸಿ, ಅಂಗೈಯಲ್ಲಿ ಲಿಂಗ ಕೊಟ್ಟು, ಪೂಜೆಗೆ ಕೂತ ಹಾಗೆ ಕೂಡಿಸಿ ಮಣ್ಣು ಮಾಡುತ್ತಾರೆ. ಮಾಂತುವಿನ ಬಲ ಮೊಣಕಾಲಿನಲ್ಲಿ ಸ್ಟೀಲಿನ ಸಲಾಕೆ ಇತ್ತು. ಬದುಕಿದ್ದಾಗಲೇ ಅದು ಬಾಗುತ್ತಿರಲಿಲ್ಲ.

"ಕೀಲು ಮುರದು ಕೂಡಸಬೇಕು. ಬ್ಯಾರೆ ದಾರಿ ಇಲ್ಲ," ಎಂದ ಸಂಕಪ್ಪ. ಹಡಪಸರದ ಅವರ ಮಂದಿಗೆಲ್ಲ ಅವನೇ ಹಿರಿಯ.

ಹೆಂಡತಿ ರೇಣು ಸತ್ತವನ ಪಕ್ಕದಲ್ಲಿ ಕೂತಿದ್ದಳು. ಮಾತು ಅವಳ ಕಿವಿಗೆ ಬಿತ್ತು.

ಆ ಕಾಲು ಹೋದದ್ದು ರಗ್ಬಿಯಲ್ಲಿ. ಮಾಂತುವಿನ ಅಪ್ಪ ಮುರುಗೆಪ್ಪ ಗೋಕಾಕದ ಕಡೆಯಿಂದ ಬಂದು ಹಡಪಸರದಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ. ಬಾರಾಮತಿಯ ಟೆಂಪೋ ಬಂದರೆ ಬೆಲ್ಲದ ಪೆಂಟಿಗಳನ್ನು, ಆ ಭಾರದ ಅಚ್ಚುಗಳನ್ನು, ಮಾಂತು ಒಬ್ಬನೇ ಇಳಿಸುತ್ತಿದ್ದ. ಹತ್ತಿರದ ಮೈದಾನದಲ್ಲಿ ರಗ್ಬಿ ಕಲಿಸುತ್ತಿದ್ದ ಮಧುಕರ ಸರ್ ಅದನ್ನು ನೋಡಿ, ಇವನನ್ನು ಕರೆದುಕೊಂಡು ಹೋದರು. ನಿಯಮಗಳನ್ನು ಆಮೇಲೆ ಕಲಿತ. ಮೊದಲು ಕಲಿತದ್ದು ನೂಕುವುದು. ಆ ಆಟದಲ್ಲಿ ಎರಡೂ ಕಡೆಯವರು ಹೆಗಲಿಗೆ ಹೆಗಲು ಬಿಗಿದು, ಬಗ್ಗಿ, ತಲೆ ಕೊಟ್ಟು ಒಬ್ಬರನ್ನೊಬ್ಬರು ದಬ್ಬುತ್ತಾರೆ. ಅದಕ್ಕೆ ಸ್ಕ್ರಮ್ ಅನ್ನುತ್ತಾರೆ. ಮಾಂತು ಮುಂದಿನ ಸಾಲಿನವನು. ಪೇಪರಿನಲ್ಲಿ ಚೆಂಡು ಹಿಡಿದು ಓಡುವವರ ಫೋಟೊ ಬರುತ್ತಿತ್ತು. ಇವನದು ಬಂದರೆ ಬೆನ್ನು.

"ಇದರಾಗ ನೀವು ಯಾರು?" ಎಂದು ರೇಣು ಮದುವೆಯಾದ ಹೊಸದರಲ್ಲಿ ಒಂದು ಫೋಟೊ ನೋಡಿ ಕೇಳಿದ್ದಳು.

"ಅಲ್ಲಿ ನೋಡು, ಚಡ್ಡಿ ಹರದಾಂವ."

ಮುಂದೆ ಕೊಲಂಬೋದ ಒಂದು ಕ್ಲಬ್ಬಿನವರು ಸಂಬಳ ಕೊಟ್ಟು ಕರೆಸಿಕೊಂಡರು. ಆಟವೇ ನೌಕರಿಯಾಯಿತು. ಮುರುಗೆಪ್ಪನಿಗೆ ಅದು ಕಡೆತನಕ ತಿಳಿಯಲಿಲ್ಲ. ಗಿರಾಕಿಗಳು ಕೇಳಿದರೆ, "ಮಗಾ ಲಂಕಾದಾಗ ನೂಕೂ ಕೆಲಸಾ ಮಾಡ್ತಾನ್ರಿ," ಅನ್ನುತ್ತಿದ್ದ.

ಅತ್ತೆ ಬಸವಣ್ಣೆವ್ವನ ಚಿಂತೆ ಬೇರೆ. ಮೈದಾನಕ್ಕೆ ಇಳಿಯುವ ಮೊದಲು ಕೊರಳಲ್ಲಿ ಇದ್ದದ್ದೆಲ್ಲ ತೆಗೆಯಬೇಕು, ಲಿಂಗವನ್ನೂ. ರೇಣು ಗಂಡನ ಜೊತೆ ಕೊಲಂಬೋಗೆ ಹೊರಟಾಗ ಅತ್ತೆ ಹೇಳಿದಳು: "ನೆಲಕ್ಕ ಇಡಬ್ಯಾಡ. ಚೀಲದಾಗ ಹಾಕಬ್ಯಾಡ. ಅಂವಾ ತಿರುಗಿ ಬರೂತನಕ ಅಂಗೈಯಾಗ ಹಿಡಕೊಂಡು ಕೂಡು."

ರೇಣು ಹಾಗೇ ಕೂತಳು. ಉಳಿದವರ ಹೆಂಡಂದಿರು ಚಪ್ಪಾಳೆ ಹೊಡೆಯುತ್ತಿದ್ದರು. ಇವಳಿಗೆ ಬಿಡುವಿದ್ದದ್ದು ಒಂದೇ ಕೈ. ಇವಳಿಗೆ ಭಾಳ ಸೊಕ್ಕು ಅಂದುಕೊಂಡರು. ಆಟ ಮುಗಿದ ಮೇಲೆ ಮಾಂತು ಕೆಸರಿನ ಕೈ ಚಾಚುತ್ತಿದ್ದ. ಅವಳು ಮೊದಲು ಅವನ ಕೈ ತೊಳೆಸಿ, ಆಮೇಲೆ ಲಿಂಗ ಕೊಡುತ್ತಿದ್ದಳು.

ಒಂದು ದಿನ ಸ್ಕ್ರಮ್ ಕುಸಿಯಿತು. ಸಾಲಿಗೆ ಸಾಲೇ ಅವನ ಮೊಣಕಾಲಿನ ಮೇಲೆ ಬಿತ್ತು. ಅವನು ಕೂಗಿದ್ದು ರೇಣುವಿಗೆ ಕೇಳಿಸಿತು. ಮುಷ್ಟಿ ಬಿಚ್ಚದೆಯೇ ಓಡಿದಳು. ಆಪರೇಶನ್ ಮೇಲೆ ಆಪರೇಶನ್ ಆದವು. ಕೊನೆಗೆ ಸಲಾಕೆ ಹಾಕಿ ಕೀಲನ್ನೇ ಜೋಡಿಸಿಬಿಟ್ಟರು. ಹಡಪಸರಕ್ಕೆ ಮರಳಿದ ಮಾಂತು ಮಧುಕರ ಸರ್ ಅವರ ಮೈದಾನದಲ್ಲಿ ಕುರ್ಚಿ ಹಾಕಿಕೊಂಡು ನೂಕುವುದನ್ನು ಕಲಿಸಿದ. ಪೂಜೆಯೂ ಕುರ್ಚಿಯ ಮೇಲೆಯೇ.

"ಕುರ್ಚಿ ಮ್ಯಾಲಿನ ಪೂಜಾ ಮುಟ್ಟತದನು?" ಎಂದು ಅವ್ವ ದಿನಾ ಕೇಳುವವಳು.

"ಲಿಂಗ ನನ್ನ ಕೈಯಾಗನ ಅದಲ್ಲವಾ. ಎಲ್ಲಿಗೆ ಹೋಗಿ ಮುಟ್ಟಬೇಕು?"

ಊಟಕ್ಕೆ ಮಾತ್ರ ಎಲ್ಲರ ಜೊತೆ ನೆಲಕ್ಕೇ ಕೂಡುವನು, ಎಡಗಾಲು ಮಡಿಸಿ, ಬಲಗಾಲು ಚಾಚಿ. ಮನೆಗೆ ಸ್ವಾಮಿಗಳು ಬಂದ ದಿನ ಆ ಕಾಲು ಅವರ ಕಡೆಗೇ ಇತ್ತು. ಸಂಕಪ್ಪ ಕಣ್ಣು ಕೆಂಪು ಮಾಡಿದ. ಬಸವಣ್ಣೆವ್ವ ಒಂದು ಟವೆಲ್ ತಂದು ಮಗನ ಪಾದದ ಮೇಲೆ ಹೊದಿಸಿದ್ದಳು.

ಈಗ ಅದೇ ಸಂಕಪ್ಪ ಕೀಲು ಮುರಿಯಲು ನಿಂತಿದ್ದ.

"ಮುಟ್ಟಬ್ಯಾಡ್ರಿ," ಎಂದಳು ರೇಣು. "ಆ ಕಾಲು ಒಮ್ಮೆ ಮುರದದ. ಸಾಕು."

"ಹಂಗಾರ ಹೆಂಗವಾ? ಮಲಗಿಸಿ ಹುಗೀಬೇಕನು?"

"ಉಣ್ಣಾಕ ಹೆಂಗ ಕೂಡತಿದ್ದರೋ ಹಂಗ ಕೂಡಸರಿ. ಕುಣಿ ಮುಂದಕ್ಕ ಉದ್ದ ತಗೀರಿ."

"ಮಂತ್ರಾ ಹೇಳೂ ಸ್ವಾಮಿಗೋಳು ಎದುರಿಗೇ ನಿಂತಿರತಾರ. ಅವರ ಕಡೆ ಕಾಲ ಚಾಚಿ ಹೋಗತಾನನು?"

ರೇಣು ಅತ್ತೆಯ ಮುಖ ನೋಡಿದಳು. ಮಗ ಮಲಗಿಕೊಂಡು ಹೋಗಬಾರದು ಎಂದು ಬೆಳಗಿನಿಂದ ಅಳುತ್ತಿದ್ದವಳು ಅವಳೇ. ಅವಳು ಮುರಿಯಿರಿ ಎಂದರೆ ಮುಗಿಯಿತು.

ಬಸವಣ್ಣೆವ್ವ ಎದ್ದು ಒಳಗೆ ಹೋದಳು. ಟವೆಲ್ ತಂದಳು.

"ಕುಣಿ ಉದ್ದ ತಗೀರಿ," ಎಂದಳು.

ರುದ್ರಭೂಮಿಯಲ್ಲಿ ಅವನ ಜೊತೆ ಆಡಿದವರೇ ಹೆಗಲು ಬಿಗಿದು ಅವನನ್ನು ಕುಣಿಗೆ ಇಳಿಸಿದರು. ಭಾರದ ಮನುಷ್ಯ. ಕಾಲು ಚಾಚಿ ಕೂತ. ಮೇಲೆ ಟವೆಲ್. ಸಂಕಪ್ಪ ಮುಖ ತಿರುಗಿಸಿ ನಿಂತ, ಹೋಗಲಿಲ್ಲ. ಸ್ವಾಮಿಗಳು ಮಂತ್ರ ಶುರು ಮಾಡಿದರು.

ಲಿಂಗ ರೇಣುವಿನ ಅಂಗೈಯಲ್ಲಿತ್ತು. ಗಂಡನ ಎಡಗೈ ತೊಳೆದು ಒರೆಸಿದಳು. ಲಿಂಗ ಇಟ್ಟಳು. ಬೆರಳು ಸೆಟೆದಿದ್ದವು. ಒಂದೊಂದಾಗಿ ತಾನೇ ಮಡಿಸಿದಳು.